ಡ್ರಾಫ್ಟ್‌ನಲ್ಲಿ ಉಳಿದ ಮೂರು ಸಾಲು

ವಿಶ್ವವಿದ್ಯಾಲಯ ನಮಗೆಲ್ಲ ಒಂದೊಂದು ಇಮೇಲ್ ವಿಳಾಸ ಕೊಟ್ಟ ವರ್ಷ ನಾನು ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ತರಗತಿಯಲ್ಲಿ ಇದ್ದದ್ದು ಆರೇ ಜನ. ಪುಟ ತೆರೆಯುವುದು, ಪಾಸ್‌ವರ್ಡ್ ಬದಲಿಸುವುದು, ಒಂದೇ ಪತ್ರವನ್ನು ಎಲ್ಲರಿಗೂ ಕಳಿಸುವುದು ನನಗೆ ಬೇಗ ಬಂತು. ಮೇಷ್ಟ್ರು, "ಇನ್ನು ಮುಂದೆ ತರಗತಿಯ ಸೂಚನೆಗಳೆಲ್ಲ ಇವಳ ಮೇಲ್‌ನಿಂದಲೇ ಬರುತ್ತವೆ, ದಿನಾ ಸಂಜೆ ನೋಡಿಕೊಳ್ಳಿ" ಎಂದು ಹೇಳಿಬಿಟ್ಟರು. ಮೀನು ಮಾರುವವರ ಮನೆಯ ಹುಡುಗಿ ನಾನು. ಆ ಮಾತು ತಲೆಗೇರಿತು. ಇನ್‌ಬಾಕ್ಸ್ ಎಲ್ಲಿದೆ ಎಂದು ಹುಡುಕುವ ಗೆಳತಿಯ ಕೈಯಿಂದ ಮೌಸ್ ಕಿತ್ತುಕೊಂಡು, "ಇಷ್ಟೂ ಗೊತ್ತಿಲ್ಯಾ ನಿಂಗೆ?" ಎಂದು ಎಲ್ಲರೆದುರು ನಗುತ್ತಿದ್ದೆ.

ಆ ಗೆಳತಿ ಕಿರಿಮಂಜೇಶ್ವರದವಳು. ಅವಳಣ್ಣ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ. ಹಡಗು ಯಾವುದಾದರೂ ಬಂದರು ಮುಟ್ಟಿದಾಗ ಅವಳಿಗೊಂದು ಮೇಲ್ ಬರುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕುಂದಾಪ್ರ ಕನ್ನಡ. ಅಡುಗೆಯವನ ಸಾರಿನ ಬಗ್ಗೆ, ಕಂಡ ಊರಿನ ಬಗ್ಗೆ ಬರೆಯುತ್ತಿದ್ದ. ಅವಳು ಒಂದನ್ನೂ ಅಳಿಸಿರಲಿಲ್ಲ.

ಮಳೆಗಾಲದ ಕೊನೆಗೆ ಹಂಗಾರಕಟ್ಟೆಯ ಹತ್ತಿರದ ಒಂದು ಕುದ್ರುವಿಗೆ ಹೋಗಿ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳನ್ನು ನೋಡಿಬರುವುದೆಂದು ತೀರ್ಮಾನವಾಯಿತು. ಹೊಳೆಯ ನಡುವಿನ ಆ ನಡುಗಡ್ಡೆಗೆ ದೋಣಿಯೇ ದಾರಿ. ನನ್ನ ಮನೆ ಅಲ್ಲೇ ಇದ್ದುದರಿಂದ ದೋಣಿ ಗೊತ್ತು ಮಾಡುವ ಕೆಲಸವೂ ನನ್ನದಾಯಿತು. ಬೆಳಿಗ್ಗೆ ಹತ್ತು ಗಂಟೆ ಎಂದು ಎಲ್ಲರಿಗೂ ತಿಳಿಸಿದ್ದೆ. ಹಿಂದಿನ ದಿನ ಮಧ್ಯಾಹ್ನ ದೋಣಿಯವರು ಮನೆಯ ಹತ್ತಿರ ಬಂದು ಕೂಗಿದರು.

"ಹ್ವಾಯ್, ನಾಳೆ ಬೆಳಿಗ್ಗೆ ಆತ್ತಿಲ್ಲೆ ಕಾಣ್. ಘಟ್ಟದ್ ಮೇಲೆ ಮಳೆ ಹೊಯ್ದಿತ್ತ್. ಹತ್ ಗಂಟೆಗೆ ಇಳಿತದ್ ನೀರ್ ಬೇರೆ, ಅಳಿವೆ ಬದಿಗ್ ಎಳಿತ್ತ್. ಎರಡೂವರೆ ಮೇಲೆ ಬಪ್ಪುಕ್ ಹೇಳ್."

"ಮೇಲ್ ಮಾಡ್ತೆ ಮಾವ."

"ಅದೆಂತ? ಮುಟ್ಟತ್ತಾ ಅವ್ರಿಗೆ?"

"ಒಂದ್ ನಿಮಿಷದಗೆ ಮುಟ್ಟತ್ತ್."

ಬಸ್ಸು ಹತ್ತಿ ಬ್ರಹ್ಮಾವರದ ಸೈಬರ್‌ಗೆ ಹೋದೆ. ಪಕ್ಕದಲ್ಲೇ ಎಸ್‌ಟಿಡಿ ಬೂತ್ ಇತ್ತು. ಮೇಷ್ಟ್ರ ಮನೆಯ ನಂಬರ್ ನನ್ನ ಪುಸ್ತಕದಲ್ಲಿತ್ತು. ಫೋನ್ ಮಾಡಲಿಲ್ಲ. ಮೇಲ್ ಇರುವಾಗ ಫೋನ್ ಮಾಡುವುದು ನನಗೆ ಹಿಂದುಳಿದವರ ಕೆಲಸದಂತೆ ಕಾಣುತ್ತಿತ್ತು. ವಿಳಾಸಗಳಿಗೆ ಒಂದೊಂದಾಗಿ ಟಿಕ್ ಹಾಕಿ ಮೂರು ಸಾಲು ಬರೆದೆ: ನಾಳೆ ಹತ್ತಕ್ಕೆ ಬರಬೇಡಿ. ಇಳಿತದ ಸೆಳೆತ ಇದೆ. ಎರಡೂವರೆಗೆ ಬನ್ನಿ. ಅಷ್ಟರಲ್ಲಿ ರಸ್ತೆಯಲ್ಲಿ ನಮ್ಮೂರ ಬಸ್ಸಿನ ಹಾರ್ನ್ ಕೇಳಿತು. ಗುಂಡಿ ಒತ್ತಿದೆ, ಪುಟ ಬದಲಾಯಿತು, ಎದ್ದು ಓಡಿದೆ.

ಮರುದಿನ ಹತ್ತೂಕಾಲಿಗೆ ನಾನು ಅಂಗಳದಲ್ಲಿ ಒಣಮೀನು ಹರವುತ್ತಿದ್ದೆ. ನೆರೆಮನೆಯ ಅಕ್ಕ ಬೇಲಿಯಾಚೆಯಿಂದ ಕೂಗಿದರು. "ಹೆಣೆ, ನೀ ಇಲ್ಲಿದ್ಯಾ? ನಿಮ್ಮ್ ಕಾಲೇಜಿನವ್ರ್ ದೋಣಿ ಹತ್ತಿ ಹೋಯ್ತಿದ್ರಲೇ!"

ಚಪ್ಪಲಿ ಹಾಕದೆ ಓಡಿದೆ. ದೋಣಿ ಆಗಲೇ ಹೊಳೆಯ ನಡುವಿತ್ತು. ದೋಣಿಯವರು ಬಿದಿರು ಗಳವನ್ನು ಊರುತ್ತಿದ್ದರು, ಅದು ನೆಲ ಸಿಗದೆ ಜಾರುತ್ತಿತ್ತು. ಕುದ್ರುವಿನ ಕಡೆಗಿದ್ದ ದೋಣಿಯ ಮೂತಿ ನಿಧಾನವಾಗಿ, ಹೊಳೆ ಸಮುದ್ರ ಸೇರುವ ಅಳಿವೆಯ ಕಡೆಗೆ ತಿರುಗಿತು. ನಾನು ಕೂಗಿದೆ. ಏನೆಂದು ಕೂಗಿದೆನೋ ಗೊತ್ತಿಲ್ಲ. ದೋಣಿ ಬಲೆ ಕಟ್ಟುವ ಗೂಟಕ್ಕೆ ಅಡ್ಡಡ್ಡ ಬಡಿದು ಮಗುಚುವಷ್ಟು ವಾಲಿತು. ಅಂಚಿನಲ್ಲಿ ಕುಳಿತಿದ್ದ ಗೆಳತಿ ನೀರಿಗೆ ಬಿದ್ದಳು. ಅವಳಿಗೆ ಈಜು ಬಾರದು. ಗಿಡ ಒಣಗಿಸಲು ತಂದಿದ್ದ ಹಳೆಯ ಪತ್ರಿಕೆಗಳು ನೀರಿನ ಮೇಲೆ ಹಾಳೆಹಾಳೆಯಾಗಿ ಹರಡಿಕೊಂಡು ಸಮುದ್ರದತ್ತ ಹೋದವು. ಅವುಗಳ ನಡುವೆ ಅವಳ ಕೈ ಒಮ್ಮೆ ಕಂಡಿತು, ಆಮೇಲೆ ಕಾಣಲಿಲ್ಲ. ಇವತ್ತಿಗೂ ನನ್ನ ಕಣ್ಣಲ್ಲಿ ಆ ಕೈ ಮತ್ತೆ ಮೇಲೆ ಬರುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ.

ದೋಣಿಯವರು ಹಾರಿದರು. ಬಲೆ ಎಳೆದು ಬರುತ್ತಿದ್ದ ಇನ್ನೊಂದು ದೋಣಿಯವರು ಇಬ್ಬರನ್ನೂ ಎತ್ತಿಕೊಂಡು, ಗೂಟಕ್ಕೆ ತಡೆದು ನಿಂತಿದ್ದ ದೋಣಿಯನ್ನೂ ದಡಕ್ಕೆ ಎಳೆದು ತಂದರು. ದಡದಲ್ಲಿ ಮಲಗಿಸಿ ಬೆನ್ನು ತಟ್ಟಿದಾಗ ಅವಳು ನೀರು ಕಕ್ಕಿದಳು. ಮೇಷ್ಟ್ರು ದೋಣಿಯವರ ಮೇಲೆ ಎಗರಿದರು. "ಅಪಾಯ ಅಂತ ಗೊತ್ತಿದ್ದೂ ಯಾಕಯ್ಯಾ ಹೊರಡಿಸಿದೆ?"

"ದೋಣಿ ಹತ್ತುಕ್ ಮೊದ್ಲೇ ಬ್ಯಾಡ ಅಂದಿದ್ದೆ ಮೇಷ್ಟ್ರೆ. ಮಧ್ಯಾಹ್ನ ಪುರ್ಸೊತ್ತಿಲ್ಲ ಅಂದ್ರಿ ನೀವ್, ಇವ್ಳ್ ಬಪ್ಪೊರಿಗೂ ಕಾಯ್ಲಿಲ್ಲೆ. ನಿನ್ನೆಯೇ ಈ ಹೆಣ್ಣಿನ್ ಹತ್ರ ಹೇಳಿದಿದ್ದೆ." ಮೈಯಿಂದ ನೀರು ಸುರಿಯುತ್ತಿರುವಂತೆಯೇ ನನ್ನತ್ತ ತಿರುಗಿದರು. "ಅದ್ ಮುಟ್ಲಿಲ್ಯಾ ಮಗಾ?"

"ಮುಟ್ಟಿತ್ತ್. ಇವ್ರ್ಯಾರೂ ಕಾಣ್ಲಿಲ್ಲೆ," ಎಂದೆ.

ಹಿಂದಿನ ಸಂಜೆ ಮೇಲ್ ನೋಡದವರೆಲ್ಲ ತಲೆ ತಗ್ಗಿಸಿದರು. ಮೇಷ್ಟ್ರೂ ತಗ್ಗಿಸಿದರು.

ಅವಳನ್ನು ಬ್ರಹ್ಮಾವರದ ಆಸ್ಪತ್ರೆಗೆ ಸೇರಿಸಿದ ಮೇಲೆ, ನಾನು ಕಳಿಸಿದ್ದನ್ನು ಒಮ್ಮೆ ನೋಡಿಕೊಳ್ಳೋಣವೆಂದು ಅದೇ ಸೈಬರ್‌ಗೆ ಹೋದೆ. ಸೆಂಟ್‌ನಲ್ಲಿ ಹಿಂದಿನ ದಿನದ್ದು ಏನೂ ಇರಲಿಲ್ಲ. ಡ್ರಾಫ್ಟ್ಸ್ ಎಂಬುದರ ಪಕ್ಕದಲ್ಲಿ ಒಂದು ಎಂದಿತ್ತು. ನಾನು ಒತ್ತಿದ್ದು ಸೆಂಡ್ ಅಲ್ಲ, ಅದರ ಮಗ್ಗುಲಿನ ಸೇವ್. ಆಗಲೇ ಎದ್ದು ಹೋಗಿದ್ದರೆ ಹತ್ತು ನಿಮಿಷದಲ್ಲಿ ಆಸ್ಪತ್ರೆ. ಹೇಳಬಹುದಿತ್ತು. ನಾನು ಆ ಮೂರು ಸಾಲನ್ನು ಅಳಿಸಿದೆ. ಟ್ರ್ಯಾಶ್‌ಗೆ ಹೋಗಿ ಅಲ್ಲಿಂದಲೂ ಅಳಿಸಿದೆ. ಆ ದಿನ ನನಗೆ ಯಾವ ಗುಂಡಿಯೂ ತಪ್ಪಲಿಲ್ಲ.

ಮೇಲ್ ಬಂದಿಲ್ಲವೆಂದು ಒಬ್ಬೊಬ್ಬರಿಗೇ ತಿಳಿದಾಗ ಸರ್ವರ್ ಕೆಟ್ಟಿರಬೇಕೆಂದು ಅವರೇ ಸಮಾಧಾನ ಹೇಳಿಕೊಂಡರು. ಸರ್ವರ್ ವಾರಕ್ಕೊಮ್ಮೆ ಕೆಡುತ್ತಿತ್ತು. ವಿಭಾಗದವರು ಮಾತ್ರ ಆ ದೋಣಿಯವರನ್ನು ಮತ್ತೆ ಕರೆಯಲಿಲ್ಲ. ದಾರಿಯಲ್ಲಿ ಸಿಕ್ಕರೆ ಅವರು ಮೊದಲಿನ ಹಾಗೆಯೇ ಮಾತಾಡಿಸುತ್ತಿದ್ದರು. ನಾನೇ ಬೇರೆ ದಾರಿ ಹಿಡಿಯತೊಡಗಿದೆ.

ಎರಡು ವಾರದ ಮೇಲೆ, ಈ ಸರ್ವರ್ ಮಾತು ಕೇಳಿರದ ಗೆಳತಿ ಬಂದಳು. ಸೈಬರ್‌ನಲ್ಲಿ ನನ್ನ ಪಕ್ಕ ಕುಳಿತು ಪರದೆ ತೋರಿಸಿದಳು. "ಎಲ್ಲಾ ನನ್ನದೇ ತಪ್ಪ್ ಮಾರಾಯ್ತಿ. ಕಾಣ್, ಡಬ್ಬ ಭರ್ತಿ ಆಯಿತ್ತ್. ಅದ್ಕೇ ನಿನ್ನ ಮೇಲ್ ಒಳಗ್ ಬರ್ಲಿಲ್ಲ ಅಲ್ದಾ?"

ಪುಟದ ಮೇಲ್ತುದಿಯಲ್ಲಿ ಜಾಗ ಮುಗಿಯುತ್ತಾ ಬಂದಿದೆ ಎಂಬ ಕೆಂಪು ಎಚ್ಚರಿಕೆ ಇತ್ತು. "ಆಗಿಪ್ಪುಕೂ ಸಾಕ್," ಎಂದೆ.

"ಇವನ್ನ ಒಟ್ಟಿಗೇ ತೆಗುದ್ ಹ್ಯಾಂಗೆ? ಹೇಳಿಕೊಡ್."

ಇನ್‌ಬಾಕ್ಸ್ ತುಂಬ ಅವಳಣ್ಣನ ಹೆಸರೇ ಇತ್ತು. ಎಲ್ಲವನ್ನೂ ಒಮ್ಮೆಲೇ ಆರಿಸುವ ಚೌಕ ಯಾವುದು, ಡಿಲೀಟ್ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದೆ. ಈ ಸಲ ನಗಲಿಲ್ಲ, ಮೌಸ್ ಕಿತ್ತುಕೊಳ್ಳಲೂ ಇಲ್ಲ. ಟ್ರ್ಯಾಶ್ ಖಾಲಿ ಮಾಡಿದರೆ ಮತ್ತೆ ಸಿಗುವುದಿಲ್ಲ, ಮಾಡಲೇ ಎಂದು ಪುಟ ಕೇಳಿತು. ಅವಳು ನನ್ನ ಮುಖ ನೋಡಿದಳು.

"ಒತ್ಲಾ?"

"ಒತ್ತ್," ಎಂದೆ.

ಕೆಲವು ವರ್ಷಗಳ ಮೇಲೆ ಅವಳು ಫೋನ್ ಮಾಡಿದ್ದಳು. ಅಣ್ಣನ ಮಗಳಿಗೆ ಅಪ್ಪನ ಹಡಗಿನ ಕಥೆ ಓದಬೇಕಂತೆ. "ಒಂದಾದ್ರೂ ವಾಪಸ್ ತೆಗುಕಾತ್ತಾ? ನಿಂಗೆ ಇದೆಲ್ಲಾ ಗೊತ್ತಿತ್ತಲೇ, ಅದ್ಕೇ ಕೇಂಡೆ." ಆಗುವುದಿಲ್ಲ ಎಂದೆ. ಮತ್ತೇನನ್ನೂ ಆಗಲೂ ಹೇಳಲಿಲ್ಲ. ಈಗ ಇಲ್ಲಿ ಬರೆದಿದ್ದೇನೆ. ಅವಳಿಗಿಂತ ಮೊದಲು ನೀವು ಓದುತ್ತಿದ್ದೀರಿ ಎನ್ನುವುದೂ ನನ್ನ ನಾಚಿಕೆಗೇ ಸೇರುತ್ತದೆ.