ಬಂದದ್ದು ಹಾಡು, ಗಂಟೆಯಲ್ಲ

ಆ ಸಂಜೆ ನಾನು ಗಂಟೆಯ ಸಪ್ಪಳ ಕೇಳಬೇಕಿತ್ತು, ಕೇಳಲಿಲ್ಲ. ಕೇಳದಿದ್ದರೂ ಬಂತು ಎಂದೆ. ಆ ಒಂದು ಮಾತಿನಿಂದ ನನ್ನ ಅಣ್ಣ ಶರಣಪ್ಪನ ದಾರಿಯೇ ಬೇರೆಯಾಯಿತು — ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಶಾಲೆ ಬೇಗ ಬಿಟ್ಟವಳು ನಾನು. ಬರಹ ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಹೊಲ ಇರಕಲ್ಲಗಡದ ಗುಡ್ಡದ ಬುಡದಲ್ಲಿತ್ತು. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಕಾಡುಹಂದಿಗಳು ಇಳಿಯುತ್ತಿದ್ದವು. ಎಲ್ಲರೂ ಡಬ್ಬಿ ಬಡಿದು ಹೊಲ ಕಾಯುತ್ತಿದ್ದರೆ ಅಣ್ಣ ಬೇರೆ ಹಂಚಿಕೆ ಹಾಕಿದ. ಪುಂಡಿನಾರಿನ ಹುರಿ ಹೊಸೆದು, ಹೊಲದ ಸುತ್ತ ಮೊಣಕಾಲೆತ್ತರಕ್ಕೆ ಗೂಟದಿಂದ ಗೂಟಕ್ಕೆ ಎಳೆದ. ಪ್ರತಿ ಬದಿಯ ಹುರಿಯ ತುದಿಯನ್ನು ಗುಡಿಸಲಿನಲ್ಲಿ ತೂಗುಬಿಟ್ಟ ಎತ್ತಿನ ಕೊರಳಗಂಟೆಗೆ ಕಟ್ಟಿದ. ಹಂದಿ ಎಲ್ಲಿ ತಾಕಿದರೂ ಗಂಟೆ ಸಪ್ಪಳ ಮಾಡಬೇಕು, ಮಲಗಿದವನು ಏಳಬೇಕು.

ಅಪ್ಪ ನೋಡಿ ನಕ್ಕ. "ಏನಲೇ ಶರಣಾ, ಜ್ಯಾಡ ಆಗೀಯೇನು? ಬಲಿ ಹೆಣಕೊಂತ ಕುಂತಿ!"

"ನೋಡ್ತಿರಪಾ, ಒಂದ ಹಂದಿ ಒಳಗ ಬಿಡಾಂಗಿಲ್ಲ."

ಕೊಪ್ಪಳದಲ್ಲಿ ಪಂಪು ರಿಪೇರಿ ಕಲಿಯಬೇಕೆಂದು ಅಣ್ಣ ಬಹಳ ದಿನದಿಂದ ಹಟ ಹಿಡಿದಿದ್ದ. ಅಪ್ಪ ಅಂದೇ ಕರಾರು ಹಾಕಿದ: "ಬೆಳಿ ಉಳೀತಂದ್ರ ಕೊಪ್ಪಳಕ್ಕ ಹೋಗು. ಹಂದಿ ಹೊಕ್ಕಿತಂದ್ರ ಬಾಯಿ ಮುಚ್ಚಿಕೊಂಡು ಎತ್ತು ಹೂಡಿ ಗಳೇ ಹೊಡಿ."

ದಿನಾ ಹೊತ್ತು ಮುಳುಗುವಾಗ ಪರೀಕ್ಷೆ. ಅಣ್ಣ ಒಂದೊಂದು ಬದಿಗೆ ಹೋಗಿ ಹುರಿ ಜಗ್ಗಿ, "ಬಂತೇನಬೇ?" ಎಂದು ಕೂಗುತ್ತಿದ್ದ. ನಾನು ಗಂಟೆಯ ಮುಂದೆ ಕೂತಿರಬೇಕು. ಸಪ್ಪಳವಾದರೆ "ಬಂತು!" ಆಗದಿದ್ದರೆ "ಇಲ್ಲೋ ಅಣ್ಣಾ!" ಇಲ್ಲ ಎಂದರೆ ಹುರಿ ಎಲ್ಲಿ ಸಿಕ್ಕಿಕೊಂಡಿದೆಯೋ ಹುಡುಕಿ ಬಿಡಿಸುತ್ತಿದ್ದ. ನನಗೆ ಇದ್ದ ಕೆಲಸ ಇಷ್ಟೇ — ಕಿವಿ ಕೊಡುವುದು.

ಆ ಸಂಜೆ ಕಿವಿ ಬೇರೆ ಕಡೆ ಇತ್ತು. ಗಂಗಾವತಿಯಿಂದ ಬಂದಿದ್ದ ಸೋದರಮಾವನ ಟ್ರಾನ್ಸಿಸ್ಟರನ್ನು ಕಾಡಿಬೇಡಿ ತಂದು ಮಡಿಲಲ್ಲಿಟ್ಟುಕೊಂಡಿದ್ದೆ. ನನಗೆ ಬೇಕಾದ ಹಾಡೊಂದಿತ್ತು — ಯಾವುದೆಂದು ಕೇಳಬೇಡಿ, ಈಗ ನಾಚಿಕೆಯಾಗುತ್ತದೆ. ಉಳಿದ ಬದಿಗಳಿಗೆಲ್ಲ ಸರಿಯಾಗಿಯೇ ಉತ್ತರ ಕೊಟ್ಟೆ. ಕೊನೆಗೆ ಗುಡ್ಡದ ಬದಿ. ಅದೇ ಗಳಿಗೆಗೆ ರೇಡಿಯೋದ ಗರಗರ ನಿಂತು ಹಾಡು ಶುರುವಾಯಿತು. "ಬಂತು! ಬಂತು!" ಎಂದು ಕುಣಿದು ಚೀರಿದೆ — ಹಾಡಿಗೆ.

"ಭಲೇ ತಂಗಿ!" ಎಂದಿತು ಅಣ್ಣನ ದನಿ ಹೊಲದಾಚೆಯಿಂದ.

ಗಂಟೆ ನೋಡಿದೆ. ಅದರ ನಾಲಿಗೆ ಅಲುಗಾಡಿರಲಿಲ್ಲ. ಆಡಿದ್ದು ನನ್ನದು ಮಾತ್ರ. ಕೂಗಿ ಹೇಳಬಹುದಿತ್ತು... ಆದರೆ ಚರಣ ಬರುವುದಿತ್ತು. ಹಾಡು ಮುಗಿಯಲಿ ಎಂದೆ. ಹಾಡು ಮುಗಿಯುವಷ್ಟರಲ್ಲಿ ಅಣ್ಣ ಮುಖದ ತುಂಬ ನಗು ಹೊತ್ತು ಬಂದು ಬುತ್ತಿ ಬಿಚ್ಚಿದ್ದ. ನಾನೂ ರೊಟ್ಟಿ ಮುರಿದೆ.

ರಾತ್ರಿಯಿಡೀ ಗಂಟೆಯ ಸಪ್ಪಳವಾಗಲಿಲ್ಲ. ಬೆಳಗಾದಾಗ ಗುಡ್ಡದ ಬದಿಯ ಶೇಂಗಾ ಎಲ್ಲ ಬೇರುಮೇಲಾಗಿ ಬಿದ್ದಿತ್ತು. ಹುರಿ ತುಳಿತಕ್ಕೆ ಸಿಕ್ಕು ಚಿಂದಿಯಾಗಿತ್ತು. ಹುರಿ ಮೊದಲೇ ಎಲ್ಲಾದರೂ ಸಿಕ್ಕಿಕೊಂಡಿತ್ತೋ, ಅಣ್ಣ ಹಾಕಿದ ಗಂಟು ಸಡಿಲಿತ್ತೋ, ನೋಡಿ ತಿಳಿಯುವಂತಿರಲಿಲ್ಲ. ನನ್ನ ಮಾತೊಂದೇ ಉಳಿದಿದ್ದ ಸಾಕ್ಷಿ. ಅಪ್ಪನ ಎದುರಿಗೇ ಅಣ್ಣ ಕೇಳಿದ: "ಬಸವ್ವಾ, ಸಂಜಿಕೆ ಈ ಬದಿದು ಬಂದಿತ್ತಲಾ?"

ಮೊದಲ ಸಲ ಅಂದದ್ದು ಸುಳ್ಳಲ್ಲ, ಬಾಯಿಜಾರಿದ್ದು. ಎರಡನೆಯದು —

"ಬಂದಿತ್ತು," ಎಂದೆ.

"ಹಂಗಾರ ನಾ ಹಾಕಿದ ಗಂಟ ಸರಿ ಇಲ್ಲಪಾ," ಎಂದ ಅಣ್ಣ. ಕೊಪ್ಪಳದ ಮಾತು ಬಿಟ್ಟು ಮರುದಿನವೇ ಗಳೇ ಹಿಡಿದ.

ಹಾಗೆಂದು ಅವನೇನು ಸೊರಗಲಿಲ್ಲ. ಮದುವೆಯಾದ, ಮಗಳು ಹುಟ್ಟಿದಳು, ನಕ್ಕು ನಗಿಸುವ ಗುಣ ಹೋಗಲಿಲ್ಲ. ಆದರೆ ಮನೆಯ ಪಂಪು ಕೆಟ್ಟರೆ ಕೈ ಹಚ್ಚುವುದಿಲ್ಲ. ಕೊಪ್ಪಳದಿಂದ ಮಿಸ್ತ್ರಿ ಬರಬೇಕು. ನಗುನಗುತ್ತಲೇ ಅನ್ನುತ್ತಾನೆ, "ನನ್ನ ಕೈ ಹಣೇಬಾರ ನನಗ ಗೊತ್ತೈತಿ." ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೇನೆ — ಅದೇ ಈಗ ಹೆಚ್ಚು ಚುಚ್ಚುವುದು.

ಮೊನ್ನೆ ಪಂಚಮಿಗೆ ಕುಷ್ಟಗಿಯಿಂದ ನನ್ನನ್ನು ತವರಿಗೆ ಕರೆತಂದವನೂ ಅವನೇ. ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ, ಹೆಂಗಸರನ್ನು ಕರೆದ: "ಕುಂದ್ರೂಕಿಂತ ಮೊದಲ ಯಾರರ ಗಂಟ ಜಗ್ಗಿ ನೋಡ್ರಿ. ಕಟ್ಟಿದಾಂವ ನಾನು!"

ಅಷ್ಟರಲ್ಲಿ ಅವನ ಮಗಳು ಗೌರಿ ನನ್ನ ಸೆರಗು ಹಿಡಿದೆಳೆದಳು. ಶೇಂಗಾ ಉಂಡಿ ಕದಿಯುವ ಕಳ್ಳನನ್ನು ಹಿಡಿಯಲು ಅಡುಗೆಮನೆಯ ಬಾಗಿಲಿಗೆ ದಾರ ಕಟ್ಟಿ, ಅಂಗಳದ ಕಟ್ಟೆಯ ತನಕ ತಂದು, ತುದಿಗೆ ಕಾಲ್ಗೆಜ್ಜೆ ಇಳಿಬಿಟ್ಟಿದ್ದಳು. ಕಳ್ಳ ಅವಳಪ್ಪನೇ ಎಂದು ನನಗೆ ಗೊತ್ತಿತ್ತು. ನನ್ನನ್ನು ಗೆಜ್ಜೆಯ ಮುಂದೆ ಕೂರಿಸಿ ಒಳಗೆ ಓಡಿ, ಬಾಗಿಲು ಜಗ್ಗಿ ಕೂಗಿದಳು.

"ಬಂತೇನತ್ತಿ?"

ಗೆಜ್ಜೆ ಸುಮ್ಮನಿತ್ತು. ನಾನು ಅದನ್ನೇ ನೋಡಿದೆ, ಕಣ್ಣು ತೆಗೆಯದೆ.

"ಇಲ್ಲವಾ, ಬರಲಿಲ್ಲ!"

ದಾರ ಎಲ್ಲಿ ಸಿಕ್ಕಿದೆಯೋ ಎಂದು ಅವಳು ಹುಡುಕತೊಡಗಿದಳು. ಅಣ್ಣ ಜೋಕಾಲಿಯ ಹಗ್ಗ ಹಿಡಿದು ನಗುತ್ತಾ ನಿಂತಿದ್ದ. ಎದ್ದು ಹೋದೆ. ಅವನು ಕಟ್ಟಿದ ಗಂಟನ್ನು ಜಗ್ಗಿ ನೋಡದೆ ಜೋಕಾಲಿಯ ಮೇಲೆ ಕೂತೆ. ಆಮೇಲೆ ಬಾಯಿಬಿಟ್ಟು ಹೇಳಿದೆ:

"ಅಣ್ಣಾ, ಹೊಲದಾಗ ಅವತ್ತ ಸಂಜಿಕೂ ಬಂದಿದ್ದಿಲ್ಲ. ರೇಡಿಯೋದಾಗ ಹಾಡು ಬಂದಿತ್ತು, ನಾ ಅದಕ್ಕ ಚೀರಿದ್ದೆ. ಮರುದಿನ ನೀ ಕೇಳಿದಾಗ ಸುಳ್ಳ ಹೇಳಿದೆ. ನಿನ್ನ ಗಂಟ ಛಲೋನ ಇತ್ತೋ. ತಪ್ಪು ನಂದು. ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೋ, ಅಣ್ಣಾ."