ಅಪ್ಪಿಯಕ್ಕನ ಪೆಟ್ರೋಲು

ಸುಲೈಮಾನಾಕ ನನ್ನ ಗ್ಯಾರೇಜಿಗೆ ಬಂದರೆ ನನಗೆ ಮೊದಲು ಬರುವುದು ಸಿಟ್ಟು. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ? ಪುತ್ತೂರಿನ ದರ್ಬೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಗಾಡಿ ರಿಪೇರಿ ಮಾಡುತ್ತಿದ್ದೇನೆ. ಗಾಡಿಗೆ ಏನೂ ಆಗದೆಯೇ ಬರುವ ಗಿರಾಕಿ ಇವರೊಬ್ಬರೇ. "ಸರ್ವೋತ್ತಮಣ್ಣ, ಎಂತದೋ ಒಂದು ಶಬ್ದ ಉಂಟು" ಎನ್ನುತ್ತಾರೆ. ಕಿವಿಗೊಟ್ಟರೆ ಶಬ್ದವೂ ಇಲ್ಲ, ಮಣ್ಣೂ ಇಲ್ಲ. "ಈಗ ಇಲ್ಲ, ಆಗ ಇತ್ತು" ಎನ್ನುತ್ತಾರೆ. ಹ್ಯಾಂಡ್ ಬ್ರೇಕ್ ಎಳೆದು ಇಳಿದವರು ಮತ್ತೆ ಹತ್ತಿ ಇನ್ನೊಮ್ಮೆ ಎಳೆದು ನೋಡುತ್ತಾರೆ.

ಅವರ ಊರು ಸುಳ್ಯದ ಕಡೆಯ ಮರ್ಕಂಜ. ಸೌದಿಯ ದಮಾಮಿನಲ್ಲಿ ಹದಿನಾಲ್ಕು ವರ್ಷ ನೀರಿನ ಟ್ಯಾಂಕರ್ ಓಡಿಸಿ ಬಂದವರು ಒಂದು ಹಳೇ ಪೆಟ್ರೋಲ್ ವ್ಯಾನು ತೆಗೆದುಕೊಂಡು ಬೇಕರಿ ಲೈನಿಗೆ ಇಳಿದರು. ಬೆಳಿಗ್ಗೆ ಖಾಲಿ ಟ್ರೇ ಹಾಕಿಕೊಂಡು ಪುತ್ತೂರಿಗೆ ಬರುವುದು, ಬ್ರೆಡ್ಡು, ಬನ್ನು, ರಸ್ಕು ತುಂಬಿಸಿಕೊಂಡು ಕಡಬ, ಸುಳ್ಯದ ಅಂಗಡಿಗಳಿಗೆ ಕೊಡುತ್ತಾ ಸಂಜೆಗೆ ಮನೆ ಸೇರುವುದು.

ನಾಲ್ಕು ವರ್ಷದ ಹಿಂದೆ ನೆರೆಮನೆಯ ಅಪ್ಪಿಯಕ್ಕನ ಎರಡೂ ಕಿಡ್ನಿ ಕೈಕೊಟ್ಟವು. ಮಂಗಳವಾರ, ಶುಕ್ರವಾರ ಪುತ್ತೂರಿನಲ್ಲಿ ಡಯಾಲಿಸಿಸ್. ಏಳೂವರೆಗೆ ಅಲ್ಲಿರಬೇಕು, ತಡವಾದರೆ ಮೆಷಿನ್ ಇನ್ನೊಬ್ಬರಿಗೆ. ಅಷ್ಟು ಬೇಗ ಮನೆಯ ಹತ್ತಿರದಿಂದ ಬಸ್ಸಿಲ್ಲ. "ಹೇಗೂ ಖಾಲಿ ವ್ಯಾನು ಹೋಗುದಲ್ವಾ" ಎಂದು ಸುಲೈಮಾನಾಕ ಅವರನ್ನೂ ಮಗಳು ಸುರಕ್ಷಾಳನ್ನೂ ಕೂರಿಸಿಕೊಂಡರು. ಅಂದಿನಿಂದ ಇಂದಿನವರೆಗೆ ಬಾಡಿಗೆ ಎಂದು ಒಂದು ರೂಪಾಯಿ ಮುಟ್ಟಲಿಲ್ಲ. ನಡುವೆ ಒಮ್ಮೆ ಜ್ವರದಿಂದ ಒಂದು ಸರದಿ ತಪ್ಪಿ, ಶ್ವಾಸಕೋಶದಲ್ಲಿ ನೀರು ತುಂಬಿ ಅಪ್ಪಿಯಕ್ಕ ಮೂರು ದಿನ ಐಸಿಯುನಲ್ಲಿದ್ದರು. ಇನ್ನೊಮ್ಮೆ ಹೀಗಾದರೆ ಕಷ್ಟ ಎಂದು ಡಾಕ್ಟರು ಸುರಕ್ಷಾಳಿಗೆ ಹೇಳಿದ್ದರು, ಆದರೆ ಆ ಮಾತನ್ನು ಎದೆಯಲ್ಲಿಟ್ಟುಕೊಂಡು ನಿದ್ದೆ ಬಿಟ್ಟವರು ಸುಲೈಮಾನಾಕ.

ಇಂಥ ಮನುಷ್ಯನ ತಲೆಗೆ ಈ ಎಥನಾಲಿನ ಸುದ್ದಿ ಹೊಕ್ಕಿತು. ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಕಬ್ಬು, ಜೋಳದಿಂದ ತೆಗೆದ ಮದ್ಯಸಾರ. ಹೊಸ ಗಾಡಿಗಳಿಗೆ ತೊಂದರೆಯಿಲ್ಲ. ಹಳೆಯದರ ರಬ್ಬರ್ ಪೈಪು ಬೇಗ ಹಾಳಾಗಬಹುದು, ಮೈಲೇಜ್ ಸ್ವಲ್ಪ ಇಳಿಯಬಹುದು, ಅಷ್ಟೇ. ಪೈಪನ್ನೆಲ್ಲ ನಾನೇ ಬದಲಿಸಿಕೊಟ್ಟೆ. ಆದರೂ ಮೊಬೈಲಿನಲ್ಲಿ ಬಂದ ಒಂದೊಂದು ವಿಡಿಯೋ ಹಿಡಿದುಕೊಂಡು ಬರುತ್ತಿದ್ದರು. "ನಾನು ಜೀವಮಾನದಲ್ಲಿ ಮುಟ್ಟದ್ದನ್ನು ನನ್ನ ವ್ಯಾನು ದಿನಾ ಕುಡಿಯುತ್ತಾ ಉಂಟಲ್ಲ ಸರ್ವೋತ್ತಮಣ್ಣ" ಎಂದು ಒಮ್ಮೆ ನಕ್ಕರು. ನಕ್ಕದ್ದು ಅದೊಂದು ಸಲ ಮಾತ್ರ. "ದಾರಿಯಲ್ಲಿ ನಿಂತರೆ ಅಪ್ಪಿಯಕ್ಕನನ್ನು ಎಂತ ಮಾಡುದು?" ಇದೇ ಪ್ರಶ್ನೆ, ವಾರಕ್ಕೆ ಎರಡು ಸಲ.

ಮೇ ತಿಂಗಳ ಒಂದು ದಿನ ನಾನು ಜೀಪಿನ ಅಡಿಯಲ್ಲಿ ಮಲಗಿದ್ದೆ, ಮುಖಕ್ಕೆ ಆಯಿಲ್ ತೊಟ್ಟಿಕ್ಕುತ್ತಿತ್ತು. ಸುಲೈಮಾನಾಕ ಬಗ್ಗಿ ಮತ್ತೆ ಅದನ್ನೇ ಕೇಳಿದರು. ನನಗೆ ರೇಗಿಹೋಯಿತು.

"ಮನೆಯಲ್ಲಿ ಹಳೇ ಪೆಟ್ರೋಲ್ ಉಂಟಾ? ಉಂಟಾದರೆ ಬಂಗಾರದ ಹಾಗೆ ಕಟ್ಟಿಡಿ ಮಾರಾಯ್ರೆ. ಅಪ್ಪಿಯಕ್ಕನನ್ನು ಕರೆತರುವ ದಿನ ಅದನ್ನೇ ಹಾಕಿ. ಈಗ ನನ್ನನ್ನು ಬಿಡಿ."

ಅವರು ಹೊರಟುಹೋದರು. ಪೀಡೆ ತೊಲಗಿತು ಎಂದುಕೊಂಡು ನಾನು ಅದನ್ನು ಅಲ್ಲಿಗೇ ಮರೆತೆ.

ಜುಲೈಯ ಒಂದು ಶುಕ್ರವಾರ, ಬೆಳಿಗ್ಗೆ ಆರು ಐವತ್ತಕ್ಕೆ ಸುಲೈಮಾನಾಕರ ಫೋನು. "ವ್ಯಾನು ಕುಂಬ್ರದ ಹತ್ತಿರ ನಿಂತಿತು." ಅಷ್ಟೇ ಹೇಳಿದರು. ನಾನು ಕಾರು ತೆಗೆದುಕೊಂಡು ಓಡಿದೆ. ಹತ್ತು ಹನ್ನೆರಡು ಕಿಲೋಮೀಟರು ದಾರಿ ಆವತ್ತು ಮುಗಿಯಲೇ ಇಲ್ಲ. ಮಳೆ ಹೊಯ್ಯುತ್ತಿತ್ತು. ಸುಲೈಮಾನಾಕ ಕೈಯಲ್ಲಿ ಕೊಡೆ ಇದ್ದರೂ ಬಿಡಿಸದೆ ರಸ್ತೆ ಬದಿಯಲ್ಲಿ ನಿಂತಿದ್ದರು. ಅಪ್ಪಿಯಕ್ಕ ಮುಂದಿನ ಸೀಟಿನಲ್ಲಿ ಮುಂದಕ್ಕೆ ಬಾಗಿ ಕುಳಿತಿದ್ದರು. ಕಾಲು ಬಾತಿತ್ತು, ಒಂದೊಂದು ಉಸಿರಿಗೂ ಹೆಗಲು ಮೇಲೇಳುತ್ತಿತ್ತು. ಸುರಕ್ಷಾ ಆಸ್ಪತ್ರೆಗೆ ಫೋನು ಮಾಡಿ ಬೇಡಿಕೊಳ್ಳುತ್ತಿದ್ದಳು. ಮೂವರನ್ನೂ ಕಾರಿಗೆ ಹತ್ತಿಸಿದೆ. ಕಾರಿನಲ್ಲಿ ಅಪ್ಪಿಯಕ್ಕ ಒಮ್ಮೆ ಮಾತ್ರ ಮಾತಾಡಿದರು.

"ಸುಲೈಮಾನ, ನಿನ್ನ ಬ್ರೆಡ್ಡಿಗೆ ತಡ ಆಯ್ತಲ್ಲ."

ಸುಲೈಮಾನಾಕ ಕಿಟಕಿಯ ಕಡೆ ಮುಖ ತಿರುಗಿಸಿದರು.

ಆಸ್ಪತ್ರೆ ಮುಟ್ಟುವಾಗ ಎಂಟರ ಹತ್ತಿರ. ಮೆಷಿನ್ ಹೋಗಿತ್ತು. ಇನ್ನು ಹನ್ನೆರಡಕ್ಕೆ ಎಂದರು. ಆಮ್ಲಜನಕ ಹಾಕಿ ಮಲಗಿಸಿದರು. ಸುಲೈಮಾನಾಕ ಒದ್ದೆ ಬಟ್ಟೆಯಲ್ಲೇ ಆ ಬಾಗಿಲಿನ ಎದುರು ನಿಂತರು. ನಾನು ವ್ಯಾನನ್ನು ಎಳೆದು ತರಿಸಿ ಗ್ಯಾರೇಜಿನಲ್ಲಿ ಬಿಚ್ಚಿದೆ. ಟ್ಯಾಂಕಿನ ತಳದಿಂದ ಬಂದದ್ದನ್ನು ಒಂದು ಗಾಜಿನ ಬಾಟಲಿಗೆ ಹಿಡಿದೆ. ಕೆಲಸ ಮಾಡುತ್ತಿದ್ದರೂ ಕಿವಿ ಮಾತ್ರ ಫೋನಿನ ಕಡೆಗೇ ಇತ್ತು. ಹನ್ನೆರಡಕ್ಕೆ ಮೆಷಿನಿಗೆ ಹಾಕಿದರು ಎಂದು ಸುರಕ್ಷಾ ಹೇಳಿದಳು. ಆಮೇಲೆ ಮತ್ತೆ ಸುದ್ದಿಯಿಲ್ಲ.

ಐದು ಗಂಟೆಗೆ ಸುಲೈಮಾನಾಕ ನಡೆದುಕೊಂಡು ಬಂದರು. "ಉಸಿರು ಸರಿಯಾಯ್ತು. ಚಾ ಕೇಳಿದರು" ಎಂದು ಅಲ್ಲಿದ್ದ ಹಳೇ ಟಯರಿನ ಮೇಲೆ ಕುಸಿದು ಕೂತರು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅದರ ಹಿಂದೆಯೇ ಸಿಟ್ಟು ಬಂತು. ಬಾಟಲಿ ಅವರ ಮುಂದೆ ಇಟ್ಟೆ. ಮೇಲೆ ಪೆಟ್ರೋಲು, ಕೆಳಗೆ ಮಬ್ಬು ನೀರಿನಂಥ ಒಂದು ಪದರ.

"ನೋಡಿ. ಎಥನಾಲಿಗೆ ನೀರು ಕಂಡರೆ ಆಸೆ. ಎಳೆದುಕೊಳ್ಳುತ್ತದೆ, ಹೆಚ್ಚಾದರೆ ನೀರಿನ ಜೊತೆಗೇ ತಳಕ್ಕೆ ಇಳಿಯುತ್ತದೆ. ಎಂಜಿನ್ ಮೊದಲು ಕುಡಿಯುದು ತಳದ್ದನ್ನು. ಈ ಪೆಟ್ರೋಲ್ ಎಲ್ಲಿಯದ್ದು?"

"ಕ್ಯಾನಿನದ್ದು. ಹೋದ ವರ್ಷ ಹುಲ್ಲು ಹೊಡೆಯುವ ಮೆಷಿನಿಗೆ ಅಂತ ತಂದದ್ದು ಉಳಿದಿತ್ತು. ಹಳೆಯದಲ್ವಾ, ಎಥನಾಲ್ ಇರುದಿಲ್ಲ, ಅಪ್ಪಿಯಕ್ಕನ ದಿನ ಕಷ್ಟಕ್ಕೆ ಬೇಕಾದೀತು ಅಂತ ಇಟ್ಟಿದ್ದೆ. ಪಾತು ಅದಕ್ಕೆ ಅಪ್ಪಿಯಕ್ಕನ ಪೆಟ್ರೋಲು ಅಂತಲೇ ಹೇಳುದು. ನಿನ್ನೆ ವ್ಯಾನು ಸ್ವಲ್ಪ ಜಗ್ಗಿದ ಹಾಗಾಯ್ತು. ಹಾಗೆ ಇವತ್ತು ಬಂಕಿಗೆ ಹೋಗದೆ, ಕುಂಬ್ರಕ್ಕಿಂತ ಮೊದಲು ಕಾವು ಪೇಟೆಯಲ್ಲಿ ನಿಲ್ಲಿಸಿ, ಜೊತೆಗೆ ತಂದಿದ್ದ ಅದನ್ನು ಹಾಕಿದೆ."

ಪಾತು ಅವರ ಹೆಂಡತಿ. ಕ್ಯಾನಿನ ಮುಚ್ಚಳ ಕಳೆದುಹೋಗಿ, ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ಹೊರಗಿನ ಸೂರಿನ ಅಂಚಿನ ಕೆಳಗೆ ಇಟ್ಟಿದ್ದರಂತೆ. ಎರಡು ತಿಂಗಳ ಮಳೆಯ ಎರಚಲು ಅದಕ್ಕೆ ಸೇರಿತ್ತು.

"ಹೋದ ವರ್ಷದ್ದರಲ್ಲೂ ಎಥನಾಲ್ ಇತ್ತು! ಬಂಕಿನಿಂದ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ನಿಮಗೆ ಈ ಬುದ್ಧಿ ಕೊಟ್ಟದ್ದು ಯಾರು ಮಾರಾಯ್ರೆ?"

ಸುಲೈಮಾನಾಕ ಬಾಟಲಿಯನ್ನೇ ನೋಡುತ್ತಾ ಕುಳಿತರು. ನಾನು ಬಿಡದೆ ಇನ್ನೊಮ್ಮೆ ಕೇಳಿದೆ.

"ನೀವೇ ಅಲ್ವಾ ಸರ್ವೋತ್ತಮಣ್ಣ" ಎಂದರು. ಆ ದನಿಯಲ್ಲಿ ದೂರು ಇರಲಿಲ್ಲ. "ನೀವು ಹೇಳಿದ ಮೇಲೆ ಸರಿಯೇ ಇರ್ತದೆ ಅಂತ ಇಟ್ಟದ್ದು."

ನಾನು ಬಾಟಲಿಯನ್ನು ತೆಗೆದು ಅವರ ಕಣ್ಣಿನಿಂದ ಆಚೆ ಇಟ್ಟೆ.

ಅಪ್ಪಿಯಕ್ಕನಿಗಾಗಲಿ, ಸುರಕ್ಷಾಳಿಗಾಗಲಿ ಅವರು ನನ್ನ ಹೆಸರು ಹೇಳಲಿಲ್ಲ. ತಪ್ಪನ್ನೆಲ್ಲ ತಮ್ಮ ಮೇಲೆಯೇ ಹಾಕಿಕೊಂಡರಂತೆ. ಈಗ ಬಂಕಿನಲ್ಲೇ ತುಂಬಿಸುತ್ತಾರೆ, ಗ್ಯಾರೇಜಿಗೆ ಬರುವುದೂ ಕಡಿಮೆ. ಮಂಗಳವಾರ, ಶುಕ್ರವಾರ ಏಳು ಗಂಟೆಗೇ ನಾನು ರಸ್ತೆ ಬದಿಗೆ ಬಂದು ನಿಲ್ಲುತ್ತೇನೆ. ವ್ಯಾನು ದರ್ಬೆ ದಾಟಿ ಹೋಗುವವರೆಗೆ, ಎಂತದಾದರೂ ಶಬ್ದ ಉಂಟಾ ಎಂದು ಕಿವಿಗೊಡುತ್ತೇನೆ.