ಹಳೇಬೀಡಿನ ಪುಟ

ಹಗ್ಗ ಕಂಡರೂ ಹಾವು ಎಂದು ಹಾರುವ ಪುಕ್ಕಲಿ ನಾನು. ಅಂಥವಳನ್ನು ಅರಸೀಕೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫೋನಿನ ಮುಂದೆ ಕೂರಿಸಿದ್ದರು. ಬೇಲೂರಿನಲ್ಲಿ ನಮ್ಮದೊಂದು ಶಾಖೆಯಿತ್ತು, ಹಳೇಬೀಡಿನಲ್ಲಿ ಇನ್ನೊಂದು ತೆರೆಯುವುದಿತ್ತು. ವೆಬ್‌ಸೈಟ್ ನೋಡಿಕೊಳ್ಳುವ ಕೆಲಸವೂ ನನಗೇ ಗಂಟುಬಿದ್ದಿತ್ತು. ಜನ ಊರಿನ ಹೆಸರು ಹಾಕಿ ಆಸ್ಪತ್ರೆ ಹುಡುಕುತ್ತಾರೆ, ಆದ್ದರಿಂದ ಊರಿಗೊಂದು ಪುಟ ಬೇಕು, ಅದರಲ್ಲಿ ವಿಳಾಸ, ದಾರಿ, ಅರಸೀಕೆರೆಯ ಫೋನ್ ನಂಬರ್, ಸಿಗುವ ಚಿಕಿತ್ಸೆ ಎಲ್ಲ ಇರಬೇಕು ಎಂದು ದೊಡ್ಡ ಡಾಕ್ಟರು ಪಾಠ ಹೇಳಿದ್ದರು.

ಅಷ್ಟರಲ್ಲಿ ಆಷಾಢ ಹತ್ತಿರ ಬಂತು. ಆಷಾಢದಲ್ಲಿ ಹೊಸದೇನನ್ನೂ ಶುರು ಮಾಡುವಂತಿಲ್ಲವಲ್ಲ, ಹಳೇಬೀಡಿನ ಕಟ್ಟಡಕ್ಕೆ ಅವಸರದಲ್ಲಿ ಪೂಜೆ ಮುಗಿಸಿದರು. ಒಳಗೆ ಮಂಚವಿಲ್ಲ, ಔಷಧಿಯಿಲ್ಲ, ಡಾಕ್ಟರಿಲ್ಲ. ಬಾಗಿಲಲ್ಲಿ ಬಾಳೆಕಂದು ಮಾತ್ರ ನಿಂತಿತ್ತು. ಪುಟವೂ ಅದೇ ಮುಹೂರ್ತದಲ್ಲಿ ಶುರುವಾಗಲಿ ಎಂದರು ದೊಡ್ಡ ಡಾಕ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಯಾಕೆ ಸರ್, ಯಾರಾದರೂ ನಂಬಿ ಬಂದುಬಿಟ್ಟಾರು ಎಂದೆ. ನಕ್ಕುಬಿಟ್ಟರು. ಬೇಲೂರಿನ ಪುಟವನ್ನೇ ಎತ್ತಿ ಊರು, ವಿಳಾಸ ಬದಲಿಸಿದ್ದಾಯಿತು. ಹಾವು ಕಚ್ಚಿದವರಿಗೆ ಹಗಲೂ ರಾತ್ರಿ ಚಿಕಿತ್ಸೆ ಎಂಬ ಸಾಲೂ ಜೊತೆಗೇ ಬಂತು. ಸ್ವಲ್ಪ ದಿನದಲ್ಲೇ ಹಳೇಬೀಡು ಆಸ್ಪತ್ರೆ ಎಂದು ಹುಡುಕಿದರೆ ನಮ್ಮ ಪುಟವೇ ಮೊದಲು ಬರತೊಡಗಿತು. ಅವರಿಗೆ ಹಿಗ್ಗೋ ಹಿಗ್ಗು. ನನಗೆ ಫೋನ್ ಬಂದಾಗಲೆಲ್ಲ ಎದೆ ಧಸಕ್ ಎನ್ನುತ್ತಿತ್ತು.

ಒಂದು ಸಂಜೆ ಮಾದಿಹಳ್ಳಿ ಕಡೆಯ ಹೆಂಗಸೊಬ್ಬಳ ಫೋನ್ ಬಂತು. ತೋಟದಲ್ಲಿ ಬಿದ್ದ ತೆಂಗಿನ ಗರಿ ಎಳೆಯುವಾಗ ಆಕೆಯ ಗಂಡನ ಕೈಗೆ ಹಾವು ಕಚ್ಚಿತ್ತು. ಮೊಬೈಲಿನಲ್ಲಿ ನಮ್ಮ ಪುಟ ನೋಡಿ ಆಟೋದಲ್ಲಿ ಹಳೇಬೀಡಿಗೆ ಕರೆತಂದಿದ್ದಳು.

"ಆಸ್ಪತ್ರೆ ಮುಂದೇನೇ ನಿಂತಿವ್ನಿ ಕಣವ್ವ. ಬೀಗ ಹಾಕೈತೆ. ಒಸಿ ಬಾಗಿಲು ತೆಗೆಸಿ."

ಒಳಗೆ ಏನೂ ಇಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಕಚ್ಚಿದ ಕೈ ಅಲ್ಲಾಡಿಸಬೇಡಿ, ಅದೇ ಆಟೋದಲ್ಲಿ ಸೀದಾ ಬೇಲೂರಿಗೆ ಹೊರಡಿ ಎಂದೆ. ಬೇಲೂರಿನವರಿಗೆ ಔಷಧಿ ತೆಗೆದಿಟ್ಟುಕೊಂಡು ಬಾಗಿಲಲ್ಲೇ ನಿಂತಿರಲು ಹೇಳಿದೆ. ಮತ್ತೆ ಆಕೆಗೆ ಫೋನ್ ಮಾಡಿದರೆ ರಿಂಗ್ ಆಗುತ್ತದೆ, ಎತ್ತುವುದಿಲ್ಲ. ದಾರಿಯಲ್ಲೇ ಹೋಗಿಬಿಟ್ಟನೇನೋ ಎಂದು ಕಂಡ ಕಂಡ ದೇವರಿಗೆ ಹರಕೆ ಹೊತ್ತೆ. ದೊಡ್ಡ ಡಾಕ್ಟರನ್ನು ಕೇಳಲಿಲ್ಲ, ಹಳೇಬೀಡಿನ ಪುಟ ಕಿತ್ತುಹಾಕಿದೆ. ಬೇಲೂರಿನಿಂದ ಫೋನ್ ಬಂದಾಗ ಎತ್ತಲು ಧೈರ್ಯವೇ ಬರಲಿಲ್ಲ, ಕೊನೆಗೆ ಕಣ್ಣು ಮುಚ್ಚಿಕೊಂಡು ಎತ್ತಿದೆ. ಜೀವ ಇದೆ, ಔಷಧಿ ಕೊಟ್ಟಿದ್ದೇವೆ ಎಂದರು.

ಅವನು ಚೇತರಿಸಿಕೊಂಡ ಮೇಲೆ ನೋಡಲು ಹೋದೆ. ಬೈಗುಳ ತಿನ್ನಲು ತಯಾರಾಗಿಯೇ ಹೋಗಿದ್ದೆ. ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು.

"ಮೊಬೈಲ್ನಾಗೆ ನಿಮ್ ನಂಬರ್ ಇದ್ದದ್ಕೆ ನನ್ ಗಂಡ ಉಳ್ಕಂಡ ಕಣವ್ವ. ಅವತ್ತೇ ಹಿಡ್ಕಂಡಿದ್ದ ಆ ಪುಟದ ಫೋಟೋ ನಮ್ಮೂರೋರಿಗೆಲ್ಲ ಕಳ್ಸಿವ್ನಿ, ಕಷ್ಟಕ್ಕಾಯ್ತದೆ, ಇಟ್ಕಳ್ಳಿ ಅಂತ."

ಮೊಬೈಲ್ ತೆಗೆದು ತೋರಿಸಿದಳು. ನಂಬರಿನ ಮೇಲೆ ಹಳೇಬೀಡಿನ ವಿಳಾಸ, ಕೆಳಗೆ ಹಾವಿನ ಸಾಲು, ಎಲ್ಲ ಹಾಗೇ ಇತ್ತು. ಯಾರ್ಯಾರಿಗೆ ಕಳಿಸಿದ್ದೀರಿ ಎಂದು ಕೇಳಿದೆ. ಒಬ್ಬೊಬ್ಬರ ಹೆಸರೂ ಹೇಳಿದಳು. ಅವರೆಲ್ಲ ಮುಂದೆ ಯಾರಿಗೆ ಕಳಿಸಿದ್ದಾರೋ ಅವಳಿಗೂ ಗೊತ್ತಿರಲಿಲ್ಲ.